ವಿಕಿಪೀಡಿಯ ಲೇಖನವನ್ನು ಎಷ್ಟು ನಂಬಬಹುದು? ಕೂತು ಅಳೆದು ನೋಡುವ ಕ್ರಮ

“ವಿಕಿಪೀಡಿಯ ನಂಬಬಹುದಾ?” ಎಂದು ಯಾರಾದರೂ ಕೇಳಿದರೆ “ಯಾವ ಲೇಖನದ ಯಾವ ವಾಕ್ಯ?” ಎಂದು ತಿರುಗಿ ಕೇಳಿ. ಒಂದೇ ಪುಟದಲ್ಲಿ ಮೊದಲ ಸಾಲು ಹಳೇ ಗೆಜೆಟಿಯರ್‌ನಿಂದ ಬಂದಿರುತ್ತದೆ, ಮೂರನೇ ಸಾಲನ್ನು ಯಾರೋ ಬಸ್ಸಿನಲ್ಲಿ ಕೂತು ಮೊಬೈಲಿನಿಂದ ಸೇರಿಸಿರುತ್ತಾರೆ, ಐದನೆಯದು ಯಾವುದೋ ರೆಸಾರ್ಟಿನ ಜಾಹೀರಾತಿನಿಂದ ಎತ್ತಿದ್ದು. ಓದುವವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಇಡೀ ಲೇಖನಕ್ಕೆ ಒಂದು ಸೀಲು ಒತ್ತುವುದನ್ನು ಬಿಡೋಣ. ಒಂದೊಂದೇ ಹೇಳಿಕೆ ಹಿಡಿದು ನೋಡಿ, ಕೊನೆಗೆ ಒಂದು ಅಂಕಿಗೆ ಬರುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಕಾಸರಗೋಡಿನ ಕಡೆಯ ನಮಗೆ ಇದು ಸ್ವಲ್ಪ ಜಾಸ್ತಿಯೇ ಬೇಕು. ಕನ್ನಡ ಮೀಡಿಯಂ ಮಕ್ಕಳು ಊರಿನ ಬಗ್ಗೆ ಪ್ರಾಜೆಕ್ಟ್ ಬರೆಯಲು ಕೂತರೆ ಕನ್ನಡ, ಮಲಯಾಳ, ಇಂಗ್ಲಿಷ್, ತುಳು ಎಂದು ನಾಲ್ಕು ವಿಕಿಪೀಡಿಯ ತೆರೆಯಬಹುದು. ಇಂಗ್ಲಿಷಿನದು 2001ರಿಂದ ಇದೆ, ಮಲಯಾಳದ್ದು 2002ರಿಂದ, ಕನ್ನಡದ್ದು 2003ರಿಂದ, ತುಳುವಿನದು 2016ರಲ್ಲಿ ಬಂತು. ಅಂಕಿ ಬೇರೆ ಬೇರೆ ಇದ್ದರೆ ಯಾವುದನ್ನು ಬರೆಯಬೇಕು? ಟೀಚರ್ ಹೇಳಿದ್ದನ್ನು ಅಂತ ಮಕ್ಕಳು ಹೇಳುತ್ತಾರೆ. ಟೀಚರ್ ಎಲ್ಲಿಂದ ಹೇಳಿದರು ಅನ್ನೋದು ಬೇರೆ ವಿಷಯ.

ಯಾವುದನ್ನು ನೋಡಿ ಮೋಸ ಹೋಗಬಾರದು

ಮೊದಲನೆಯದು, “ಬ್ರಿಟಾನಿಕಾದಷ್ಟೇ ಚೆನ್ನಾಗಿದೆಯಂತೆ” ಅನ್ನುವ ಮಾತು. ಇದರ ಮೂಲ 2005ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆ ಮಾಡಿದ ಹೋಲಿಕೆ. ವಿಜ್ಞಾನದ 42 ವಿಷಯಗಳಲ್ಲಿ ಎರಡೂ ಕಡೆಯ ಲೇಖನಗಳನ್ನು ತಜ್ಞರಿಗೆ ಕೊಟ್ಟು ತಪ್ಪು ಹುಡುಕಿಸಿದರು. ಸರಾಸರಿ ನೋಡಿದರೆ ವಿಕಿಪೀಡಿಯದ ಒಂದು ಲೇಖನಕ್ಕೆ ಸುಮಾರು 4 ತಪ್ಪು, ಬ್ರಿಟಾನಿಕಾದ್ದಕ್ಕೆ ಸುಮಾರು 3. ಬ್ರಿಟಾನಿಕಾದವರು ಮರುವರ್ಷ ಇದನ್ನು ಬಲವಾಗಿ ಆಕ್ಷೇಪಿಸಿದರು, ನೇಚರ್ ಹಿಂದೆ ಸರಿಯಲಿಲ್ಲ. ಅದೇನೇ ಇರಲಿ, ಅದು ಇಂಗ್ಲಿಷು, ಅದೂ ವಿಜ್ಞಾನ. ಕನ್ನಡದಲ್ಲಿರುವ ಬೇಕಲ ಕೋಟೆಯ ಲೇಖನದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎರಡನೆಯದು ಉದ್ದ. 2008ರಲ್ಲಿ ಜೋಶುವಾ ಬ್ಲೂಮೆನ್‌ಸ್ಟಾಕ್ ಎಂಬ ಸಂಶೋಧಕ ಒಂದು ತಮಾಷೆಯಂಥ ನಿಜ ತೋರಿಸಿದ. ಬರೀ ಪದಗಳನ್ನು ಎಣಿಸಿದರೆ ಸಾಕು, ಇಂಗ್ಲಿಷ್ ವಿಕಿಪೀಡಿಯದ ಅತ್ಯುತ್ತಮ ದರ್ಜೆಯ ಲೇಖನಗಳನ್ನು ಬಹುಮಟ್ಟಿಗೆ ಗುರುತಿಸಬಹುದು. ಅಲ್ಲಿ ಸರಿ. ಕನ್ನಡದಲ್ಲಿ ಈ ಲೆಕ್ಕ ಕೈಕೊಡುತ್ತದೆ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದದ ಟೂಲ್ ಬಳಸಿ ಇಂಗ್ಲಿಷಿನಿಂದ ಇಳಿಸಿದ ಉದ್ದುದ್ದ ಲೇಖನಗಳು ಕನ್ನಡಕ್ಕೆ ಬಂದವು. ಮಾರುದ್ದ ಇರುತ್ತವೆ, ಅಡಿಯಲ್ಲಿ ಉಲ್ಲೇಖಗಳ ದೊಡ್ಡ ಪಟ್ಟಿಯೂ ಇರುತ್ತದೆ, ಆದರೆ ವಾಕ್ಯ ಓದಿದರೆ ಕರ್ತೃ ಯಾರು ಕರ್ಮ ಯಾವುದು ಗೊತ್ತಾಗುವುದಿಲ್ಲ. ಅರ್ಥವೇ ಆಗದ ವಾಕ್ಯವನ್ನು ಸರಿ ಅಂತಲೂ ತಪ್ಪು ಅಂತಲೂ ಹೇಳುವ ಹಾಗಿಲ್ಲ.

ಮೂರನೆಯದು ದರ್ಜೆಯ ಗುರುತು. ಗೋವೆಯ ಬಿಚೋಲಿಯಲ್ಲಿ 1640–41ರಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ಯುದ್ಧ ನಡೆಯಿತು ಎಂಬ ಲೇಖನ 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂತು. ಅದೇ ವರ್ಷ ಅದಕ್ಕೆ ‘ಒಳ್ಳೆಯ ಲೇಖನ’ ಎಂಬ ಮಾನ್ಯತೆಯೂ ಸಿಕ್ಕಿತು. ಐದು ವರ್ಷ ಹಾಗೇ ಇತ್ತು. 2012ರ ಕೊನೆಯಲ್ಲಿ ಒಬ್ಬರು ಉಲ್ಲೇಖಗಳನ್ನು ಹುಡುಕಲು ಹೊರಟಾಗ ಅಂಥ ಪುಸ್ತಕಗಳೇ ಸಿಗಲಿಲ್ಲ. ಆ ಯುದ್ಧವೇ ನಡೆದಿರಲಿಲ್ಲ! ಮಾನ್ಯತೆ ಕೊಟ್ಟವರು ಲೇಖನದ ಭಾಷೆ, ಅಚ್ಚುಕಟ್ಟು, ಅಡಿಟಿಪ್ಪಣಿ ಎಲ್ಲ ನೋಡಿದ್ದರು. ಪುಸ್ತಕ ಇದೆಯಾ ಅಂತ ಮಾತ್ರ ನೋಡಿರಲಿಲ್ಲ.

ಹಂತ 1: ಯಾವ ಆವೃತ್ತಿ ಅಂತ ಗಟ್ಟಿ ಮಾಡಿಕೊಳ್ಳಿ

ನೀವು ಇವತ್ತು ಅಳೆದ ಲೇಖನ ನಾಳೆ ಬೇರೆಯೇ ಆಗಿರಬಹುದು. ‘ಇತಿಹಾಸ’ ಟ್ಯಾಬ್ ಒತ್ತಿ, ಎಲ್ಲಕ್ಕಿಂತ ಮೇಲಿರುವ ದಿನಾಂಕದ ಮೇಲೆ ಕ್ಲಿಕ್ ಮಾಡಿ. ವಿಳಾಸದ ಕೊನೆಯಲ್ಲಿ ‘ಓಲ್ಡ್‌ಐಡಿ’ ಅಂತ ಒಂದು ಸಂಖ್ಯೆ ಬರುತ್ತದೆ. ಆ ಆವೃತ್ತಿಗೆ ಅದೇ ಶಾಶ್ವತ ವಿಳಾಸ. ಅದನ್ನು ಬರೆದಿಟ್ಟುಕೊಳ್ಳಿ. ಮಕ್ಕಳ ಪ್ರಾಜೆಕ್ಟಿಗೂ ಇದನ್ನೇ ಕೊಡಬೇಕು. ಸುಮ್ನೆ ‘ವಿಕಿಪೀಡಿಯ’ ಎಂದು ಬರೆದರೆ ಯಾವ ದಿನದ್ದು ಎಂದು ಯಾರಿಗೂ ಗೊತ್ತಾಗದು.

ಹಂತ 2: ಇತಿಹಾಸ ಓದಿ

ಅದೇ ಇತಿಹಾಸ ಪುಟದಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಿ. ಎಷ್ಟು ಜನ ಕೈಯಾಡಿಸಿದ್ದಾರೆ? ಅವರಲ್ಲಿ ಬಾಟ್‌ಗಳು (ತಾವಾಗಿಯೇ ತಿದ್ದುವ ಪ್ರೋಗ್ರಾಂಗಳು) ಎಷ್ಟು? ಲಾಗಿನ್ ಆಗದವರು ಎಷ್ಟು? ‘ಎಕ್ಸ್‌ಟೂಲ್ಸ್’ ಎಂಬ ಉಚಿತ ಸಾಧನಕ್ಕೆ ಲೇಖನದ ಹೆಸರು ಕೊಟ್ಟರೆ ಯಾರು ಎಷ್ಟು ಬರೆದಿದ್ದಾರೆ, ಎಷ್ಟು ಸಲ ಅಳಿಸಿ ಹಿಂದಕ್ಕೆ ತಂದಿದ್ದಾರೆ ಅಂತ ತೋರಿಸುತ್ತದೆ. ‘ಪೇಜ್‌ವ್ಯೂಸ್’ ಎಂಬುದು 2015ರ ಜುಲೈಯಿಂದ ಈಚೆಗೆ ಎಷ್ಟು ಸಲ ಲೇಖನ ತೆರೆದಿದ್ದಾರೆ ಎಂದು ಹೇಳುತ್ತದೆ.

ತಿದ್ದುಪಡಿಗಳ ಸಂಖ್ಯೆಯೂ ತಿದ್ದಿದವರ ಸಂಖ್ಯೆಯೂ ಜಾಸ್ತಿ ಇದ್ದಷ್ಟು ಲೇಖನ ಪಳಗುತ್ತದೆ ಎಂದು 2004ರಲ್ಲೇ ಆಂಡ್ರ್ಯೂ ಲಿ ಎಂಬವರು ಅಳತೆಯ ಒಂದು ದಾರಿ ಹೇಳಿದ್ದರು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಹೋಗಿ ‘ವಿಕಿಟ್ರಸ್ಟ್’ ಮಾಡಿದರು. ಒಬ್ಬರು ಬರೆದದ್ದನ್ನು ಮುಂದಿನವರು ಉಳಿಸಿಕೊಂಡರೆ ಬರೆದವರ ಮರ್ಯಾದೆ ಏರುತ್ತಿತ್ತು, ಬೇಗ ಅಳಿಸಿದರೆ ಇಳಿಯುತ್ತಿತ್ತು. ಮರ್ಯಾದೆ ಕಮ್ಮಿ ಇರುವವರ ಹೊಸ ಮಾತಿನ ಹಿಂದೆ ಕಿತ್ತಳೆ ಬಣ್ಣ ಬರುತ್ತಿತ್ತು. ಚಂದದ ಉಪಾಯ.

ಆದರೆ ಈ ಅಳತೆಗಳೆಲ್ಲ ಯಾರೋ ಓದುತ್ತಿದ್ದಾರೆ, ತಪ್ಪಿದ್ದರೆ ತಿದ್ದುತ್ತಾರೆ ಎಂದು ನಂಬಿ ಮಾಡಿದವು. ಇಂಗ್ಲಿಷಿನಲ್ಲಿ ಇಡೀ ಪುಟ ಅಳಿಸಿಬಿಟ್ಟರೆ ನಿಮಿಷಗಳಲ್ಲಿ ವಾಪಸ್ಸು ಬರುವುದು ಮಾಮೂಲು. 30 ಸಾವಿರದ ಮೇಲೆ ಲೇಖನ ಇರುವ, ಕಾವಲಿಗೆ ಬೆರಳೆಣಿಕೆಯ ಜನ ಇರುವ ಕನ್ನಡದಲ್ಲಿ ಒಂದು ವಾಕ್ಯ ಎಂಟು ವರ್ಷ ಹಾಗೇ ಉಳಿದಿದೆ ಅಂದರೆ ಅದು ಸರಿ ಇರಬಹುದು, ಇಲ್ಲವೇ ಎಂಟು ವರ್ಷ ಅದನ್ನು ಗಮನವಿಟ್ಟು ಯಾರೂ ಓದಿಲ್ಲದೇ ಇರಬಹುದು. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆದದ್ದು ಇದೇ. ಆ ಭಾಷೆ ಸರಿಯಾಗಿ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಕೂತು ಸಾವಿರಾರು ಲೇಖನ ಬರೆದಿದ್ದ. 2020ರವರೆಗೆ ಹೊರಗಿನವರಿಗೆ ಅದು ಗೊತ್ತೇ ಆಗಲಿಲ್ಲ. ಸಣ್ಣ ಭಾಷೆಗಳಲ್ಲಿ ಇತಿಹಾಸ ಪುಟವನ್ನು ಅನುಮಾನ ಪಡಲು ಬಳಸಿ, ನಂಬಲು ಬಳಸಬೇಡಿ.

‘ಚರ್ಚೆ’ ಪುಟವನ್ನೂ ಒಮ್ಮೆ ಇಣುಕಿ. ಕನ್ನಡದಲ್ಲಿ ಹೆಚ್ಚಾಗಿ ಖಾಲಿ ಇರುತ್ತದೆ. ಜಗಳ ಸಿಕ್ಕರೆ ಅದೃಷ್ಟ, ಎಲ್ಲಿ ಅಗೆಯಬೇಕು ಅಂತ ಅದೇ ಹೇಳುತ್ತದೆ.

ಹಂತ 3: ಲೇಖನವನ್ನು ಹೇಳಿಕೆಗಳಾಗಿ ಒಡೆಯಿರಿ

ಇದು ಬೇಸರದ ಕೆಲಸ, ಆದರೆ ಇಡೀ ಅಳತೆ ನಿಂತಿರುವುದು ಇದರ ಮೇಲೆ. ಒಂದು ಪ್ಯಾರಾ ಹೀಗಿದೆ ಅಂತ ಇಟ್ಟುಕೊಳ್ಳಿ (ಇದನ್ನು ಉದಾಹರಣೆಗಾಗಿ ನಾನೇ ಬರೆದದ್ದು):

“ಬೇಕಲ ಕೋಟೆಯನ್ನು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ. 40 ಎಕರೆ ವಿಸ್ತಾರದ ಇದು ಕೇರಳದ ಅತಿ ದೊಡ್ಡ ಕೋಟೆ. 1763ರಲ್ಲಿ ಹೈದರಾಲಿಯ ವಶವಾಗಿ, 1799ರಲ್ಲಿ ಬ್ರಿಟಿಷರ ಪಾಲಾಯಿತು.”

ಮೂರು ವಾಕ್ಯ. ಹೇಳಿಕೆಗಳು ಆರು. ಕಟ್ಟಿಸಿದ್ದು ಶಿವಪ್ಪ ನಾಯಕ. ಕಾಲ 1650. ವಿಸ್ತಾರ 40 ಎಕರೆ. ಕೇರಳದಲ್ಲೇ ಅತಿ ದೊಡ್ಡದು. 1763ರಲ್ಲಿ ಹೈದರಾಲಿ. 1799ರಲ್ಲಿ ಬ್ರಿಟಿಷರು. ಒಂದು ಎಕ್ಸೆಲ್ ಹಾಳೆಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಹಾಕಿ, ನಂಬರ್ ಕೊಡಿ. ನೋಟ್‌ಬುಕ್ ಆದರೂ ನಡೆಯುತ್ತದೆ.

ಒಡೆದ ಕೂಡಲೇ ಬಿರುಕು ಕಾಣುತ್ತದೆ. ಕೊನೆಯ ಎರಡನ್ನು ಹೊರಗಿನ ಇತಿಹಾಸದ ಜೊತೆ ತಾಳೆ ನೋಡಬಹುದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿತು, 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆದರೆ ಬಿದನೂರು ಬಿದ್ದ ವರ್ಷವೇ ಬೇಕಲವೂ ಬಿತ್ತಾ ಅನ್ನೋದಕ್ಕೆ ಬೇಕಲದ ಹೆಸರೇ ಇರುವ ಮೂಲ ಬೇಕು. ‘1650’ ಎಂಬ ಗುಂಡು ಅಂಕಿ ಕಂಡರೆ ‘ಸುಮಾರು’ ಎಂಬ ಪದ ದಾರಿಯಲ್ಲಿ ಎಲ್ಲೋ ಉದುರಿತಾ ಅಂತ ಅನುಮಾನ ಪಡಿ. ‘ಕಟ್ಟಿಸಿದ’ ಅನ್ನೋದಕ್ಕೂ ತಕರಾರು ಇದೆ, ಅಲ್ಲಿ ಕೋಲತ್ತಿರಿ ಅರಸರ ಕಾಲದಲ್ಲೇ ಕೋಟೆ ಇತ್ತು ಅನ್ನುವವರಿದ್ದಾರೆ. ಇನ್ನು ‘ಅತಿ ದೊಡ್ಡ’, ‘ಮೊಟ್ಟಮೊದಲ’, ‘ಏಕೈಕ’ ಎಂಬ ಪದಗಳು ಬಂದಲ್ಲಿ ಕೆಂಪು ಪೆನ್ನು ಹಿಡಿಯಿರಿ. ಇವು ಪ್ರವಾಸದ ಪುಸ್ತಕಗಳಿಂದ ನುಗ್ಗುವ ಮಾತುಗಳು.

ಲೇಖನ ಸಣ್ಣದಿದ್ದರೆ ಎಲ್ಲ ಹೇಳಿಕೆಗಳನ್ನೂ ಪರೀಕ್ಷಿಸಿ. ದೊಡ್ಡದಿದ್ದರೆ ಸ್ಯಾಂಪಲ್ ಬೇಕು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು, ಯಾಕೆಂದರೆ ಇಡೀ ಪಾತ್ರೆಗೆ ಬೆಂಕಿ ಒಂದೇ. ಇಲ್ಲಿ ಪ್ರತಿ ಅಗುಳನ್ನೂ ಬೇರೆ ಬೇರೆಯವರು ಬೇಯಿಸಿದ್ದಾರೆ. ಕನಿಷ್ಠ 20 ಹೇಳಿಕೆ ತೆಗೆಯಿರಿ, ಅದೂ ಚೀಟಿ ಎತ್ತಿ. ನಿಮಗೆ ಬೇಕಾದ್ದನ್ನು ಆರಿಸಿದರೆ ನಿಮಗೆ ಗೊತ್ತಿರುವುದನ್ನೇ ಆರಿಸುತ್ತೀರಿ.

ಹಂತ 4: ಮೂಲವನ್ನು ತೆರೆದು ಓದಿ

ಪಕ್ಕದಲ್ಲಿ ಸಣ್ಣ ನೀಲಿ ನಂಬರ್ ಇದೆ ಅಂದ ಮಾತ್ರಕ್ಕೆ ಆಧಾರ ಇದೆ ಅಂತಲ್ಲ. ಅದನ್ನು ಒತ್ತಿ, ಕೊಂಡಿ ತೆರೆದು, ಆ ಮಾತು ಅಲ್ಲಿ ಇದೆಯಾ ನೋಡಬೇಕು. ಪ್ರತಿ ಹೇಳಿಕೆಗೂ ಐದರಲ್ಲಿ ಒಂದು ಅಕ್ಷರ ಕೊಡಿ. ಕೊಟ್ಟ ಮೂಲದಲ್ಲಿ ಅದೇ ಮಾತಿದ್ದರೆ ‘ಅ’. ಮೂಲ ಕೊಟ್ಟಿಲ್ಲ, ಆದರೆ ನೀವೇ ಹುಡುಕಿದಾಗ ಗಟ್ಟಿ ಕಡೆ ಸಿಕ್ಕಿತು, ‘ಆ’. ಮೂಲ ಇದೆ, ಕೊಂಡಿ ಸತ್ತಿದೆ ಅಥವಾ ಪುಸ್ತಕ ಕೈಗೆ ಸಿಗುತ್ತಿಲ್ಲ, ‘ಇ’. ಮೂಲ ಬೇರೆಯೇ ಹೇಳುತ್ತದೆ ಅಥವಾ ಹೇಳಿಕೆ ತಪ್ಪು, ‘ಈ’. ಎಲ್ಲಿಯೂ ಸುಳಿವಿಲ್ಲ, ‘ಉ’. ಸತ್ತ ಕೊಂಡಿಯನ್ನು ಹಳೇ ವೆಬ್ ಪುಟಗಳ ಪ್ರತಿ ಕಾಪಿಡುವ ‘ವೇಬ್ಯಾಕ್ ಮೆಷಿನ್’ನಲ್ಲಿ ಹುಡುಕದೇ ‘ಇ’ ಕೊಡಬೇಡಿ, ಎಷ್ಟೋ ಕೊಂಡಿಗಳಿಗೆ ಅಲ್ಲಿ ಜೀವ ಬರುತ್ತದೆ.

ನಮ್ಮ ಕಡೆಯ ಲೇಖನಗಳಲ್ಲಿ ಪದೇ ಪದೇ ಸಿಗುವ ಕೆಲವು ಗೋಜಲುಗಳನ್ನು ಹೇಳುತ್ತೇನೆ.

ಕಾಸರಗೋಡು ಜಿಲ್ಲೆಯ 2011ರ ಜನಸಂಖ್ಯೆ ಒಂದು ಕಡೆ 13,02,600 ಅಂತ ಇರುತ್ತದೆ, ಇನ್ನೊಂದು ಕಡೆ 13,07,375. ಎರಡೂ ಜನಗಣತಿಯದ್ದೇ. ಮೊದಲನೆಯದು ಗಣತಿ ಮುಗಿದ ಕೂಡಲೇ ಕೊಟ್ಟ ತಾತ್ಕಾಲಿಕ ಲೆಕ್ಕ, ಎರಡನೆಯದು ಅಂತಿಮ. ಮೊದಲನೆಯದನ್ನು ‘ತಾತ್ಕಾಲಿಕ’ ಎಂದು ಹೇಳದೆ ಬರೆದಿದ್ದರೆ ಮೂಲ ಸರಿ ಇದ್ದರೂ ನಾನು ‘ಅ’ ಕೊಡುವುದಿಲ್ಲ.

ಹಳೇ ವಿಶ್ವಕೋಶದಿಂದ ಬಂದ ಲೇಖನಗಳು ಇನ್ನೊಂದು ಥರ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಬರಹಗಳು ಮುಕ್ತ ಪರವಾನಗಿಯಲ್ಲಿ ಬಂದ ಮೇಲೆ ಕನ್ನಡ ವಿಕಿಪೀಡಿಯಕ್ಕೂ ಸೇರಿದವು. ಬರೆದವರು ವಿದ್ವಾಂಸರು, ಭಾಷೆಯೂ ಚೊಕ್ಕ. ಆದರೆ ಅದರ ಮೊದಲ ಸಂಪುಟ ಬಂದದ್ದು 1969ರಲ್ಲಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಅಲ್ಲಿಯವರೆಗೆ ಕಣ್ಣೂರು ಜಿಲ್ಲೆಯಲ್ಲಿತ್ತು. ಜಿಲ್ಲೆಯಾದಾಗ ಕಾಸರಗೋಡು, ಹೊಸದುರ್ಗ ಎಂದು ಎರಡೇ ತಾಲ್ಲೂಕು. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಸೇರಿದವು. ಬರೆದ ಕಾಲಕ್ಕೆ ಸರಿ ಇದ್ದದ್ದು ಈಗ ತಪ್ಪು. ಇಂಥದ್ದಕ್ಕೆ ‘ಈ’ ಕೊಟ್ಟು ಪಕ್ಕದಲ್ಲಿ ‘ಹಳತು’ ಎಂದು ಬರೆಯಿರಿ, ಸುಳ್ಳಿನ ಜೊತೆ ಸೇರಿಸಬೇಡಿ.

ಒಂದೇ ವಾಕ್ಯದಲ್ಲಿ ಗಟ್ಟಿಯೂ ಪೊಳ್ಳೂ ಇರುವುದಕ್ಕೆ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಒಳ್ಳೇ ಉದಾಹರಣೆ. 2022ರ ಅಕ್ಟೋಬರ್ 9ರಂದು ಸತ್ತಿತು ಅನ್ನೋದು ಎಲ್ಲ ಪತ್ರಿಕೆಗಳಲ್ಲೂ ಬಂದ ಸುದ್ದಿ, ‘ಅ’. ಎಪ್ಪತ್ತಕ್ಕಿಂತ ಜಾಸ್ತಿ ವಯಸ್ಸು ಅನ್ನೋದೂ ಅವೇ ಪತ್ರಿಕೆಗಳಲ್ಲಿ ಬಂತು. ಆದರೆ ವರದಿಗಾರರು ಊರಿನವರು ಹೇಳಿದ್ದನ್ನು ಬರೆದದ್ದು ಅಲ್ವಾ, ಹುಟ್ಟಿದ್ದನ್ನು ಯಾರು ಬರೆದಿಟ್ಟಿದ್ದಾರೆ? ‘ಎಂದು ಹೇಳುತ್ತಾರೆ’ ಎಂದು ಲೇಖನದಲ್ಲಿದ್ದರೆ ‘ಅ’, ನೇರವಾಗಿ ವಯಸ್ಸು ಇಷ್ಟು ಎಂದಿದ್ದರೆ ‘ಉ’.

ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಇನ್ನೂ ಜಾಗ್ರತೆ ಬೇಕು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಲ್ಲಿ ಅದನ್ನು ತಡೆದದ್ದು ದಾಖಲೆ. ಸಂತ್ರಸ್ತರು ಎಷ್ಟು ಅನ್ನೋದು ಯಾರ ಪಟ್ಟಿ ಎಂಬುದರ ಮೇಲೆ ಹೋಗುತ್ತದೆ. ಸರಕಾರದ ಪಟ್ಟಿ ಬೇರೆ, ಹೋರಾಟದವರ ಲೆಕ್ಕ ಬೇರೆ. ಅಂಕಿ ಯಾರದು ಎಂದು ಹೇಳದ ವಾಕ್ಯಕ್ಕೆ ಅಂಕ ಇಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ, ಕೃತಿಗಳ ವಿಚಾರವೂ ಹಾಗೆಯೇ. ವಿದ್ವಾಂಸರು ದಶಕಗಟ್ಟಲೆ ಜಗಳವಾಡಿದ ವಿಷಯವನ್ನು ಲೇಖನ ಒಂದೇ ಗೆರೆಯಲ್ಲಿ ತೀರ್ಮಾನ ಮಾಡಿದೆ ಅಂದರೆ ಆ ಗೆರೆಗೆ ಎಷ್ಟೇ ಒಳ್ಳೆಯ ಅಡಿಟಿಪ್ಪಣಿ ಇದ್ದರೂ ಅದು ಅರ್ಧ ಸತ್ಯ.

ಇನ್ನೊಂದು ಬಲೆ ಇದೆ, ಸುತ್ತು ಹೊಡೆಯುವ ಉಲ್ಲೇಖ. ಲೇಖನಕ್ಕೆ 2012ರಲ್ಲಿ ಯಾರೋ ಆಧಾರವಿಲ್ಲದೆ ಒಂದು ಮಾತು ಸೇರಿಸುತ್ತಾರೆ. 2016ರಲ್ಲಿ ಪತ್ರಿಕೆಯ ಪುರವಣಿಯವರು ಅದನ್ನು ನೋಡಿ ಬರೆಯುತ್ತಾರೆ. 2018ರಲ್ಲಿ ಆ ಪುರವಣಿಯನ್ನೇ ಲೇಖನಕ್ಕೆ ಉಲ್ಲೇಖವಾಗಿ ಅಂಟಿಸುತ್ತಾರೆ. ಕಂಡುಹಿಡಿಯುವುದು ಸುಲಭ: ಆ ಮಾತು ಲೇಖನಕ್ಕೆ ಯಾವತ್ತು ಬಂತು ಅಂತ ‘ವಿಕಿಬ್ಲೇಮ್’ ಹುಡುಕಿ ಕೊಡುತ್ತದೆ. ಉಲ್ಲೇಖದ ದಿನಾಂಕ ಅದಕ್ಕಿಂತ ಈಚಿನದಾದರೆ ಆ ಉಲ್ಲೇಖವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದಕ್ಕೂ ಹಳೆಯದು ಹುಡುಕಿ. ನಮ್ಮ ಜಿಲ್ಲೆಗೆ 1894ರ ಸ್ಟರಕ್‌ನ ದಕ್ಷಿಣ ಕನ್ನಡ ಕೈಪಿಡಿ ಬಹಳ ಸಲ ಕೈಹಿಡಿಯುತ್ತದೆ, ಆಗ ಕಾಸರಗೋಡು ಆ ಜಿಲ್ಲೆಯಲ್ಲೇ ಇತ್ತು. ಸ್ಕ್ಯಾನ್ ಪ್ರತಿ ನೆಟ್ಟಿನಲ್ಲಿದೆ.

ಹಂತ 5: ಬೇರೆ ಭಾಷೆಯ ಲೇಖನ ಸಾಕ್ಷಿಯಾ?

ಸಾಕ್ಷಿ ಆಗಬೇಕಾದರೆ ಅದು ಬೇರೆ ಕಡೆಯಿಂದ ಬಂದಿರಬೇಕು. ಕನ್ನಡದ್ದು ಇಂಗ್ಲಿಷಿನ ಅನುವಾದವೇ ಆಗಿದ್ದರೆ ಇಬ್ಬರೂ ಒಂದೇ ಮಾತು ಹೇಳುವುದರಲ್ಲಿ ಏನಿದೆ? ವಿಕಿಪೀಡಿಯದ್ದೇ ಆದ ಕಂಟೆಂಟ್ ಟ್ರಾನ್ಸ್‌ಲೇಶನ್ ಎಂಬ ಅನುವಾದದ ಟೂಲಿನಿಂದ ಮಾಡಿದ್ದರೆ ಇತಿಹಾಸ ಪುಟದ ಎಲ್ಲಕ್ಕಿಂತ ಹಳೇ ಸಾಲಿನಲ್ಲೇ ಗುರುತು ಇರುತ್ತದೆ.

ಹೋಲಿಕೆ ನಿಜವಾಗಿ ಉಪಯೋಗಕ್ಕೆ ಬರುವುದು ಏನು ಬಿಟ್ಟಿದ್ದಾರೆ ಅಂತ ನೋಡಲು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು, ಅದು ಜಾರಿಯಾಗಲಿಲ್ಲ. ಈ ಕತೆಗೆ ಕನ್ನಡ ಲೇಖನ ಎಷ್ಟು ಜಾಗ ಕೊಟ್ಟಿದೆ, ಮಲಯಾಳ ಎಷ್ಟು, ಇಂಗ್ಲಿಷ್ ಎಷ್ಟು, ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ವಾಕ್ಯವೂ ಸರಿ ಇದ್ದು ಲೇಖನ ವಾಲಿರಬಹುದು. ಬಿಟ್ಟದ್ದನ್ನು ಅಂಕಿಯಲ್ಲಿ ಹಿಡಿಯುವುದು ಕಷ್ಟ, ಹಾಗಾಗಿ ಹಾಳೆಯ ಕೆಳಗೆ ಎರಡು ಸಾಲು ಟಿಪ್ಪಣಿ ಬರೆದರೆ ಸಾಕು.

ಹಂತ 6: ಅಂಕಿ ಹಾಕುವುದು

20 ಹೇಳಿಕೆಯಲ್ಲಿ ‘ಅ’ 9, ‘ಆ’ 5, ‘ಇ’ 3, ‘ಈ’ 2, ‘ಉ’ 1 ಬಂತು ಅನ್ನಿ. ಎರಡು ಬೇರೆ ಬೇರೆ ಅಂಕಿ ತೆಗೆಯಿರಿ. ಓದುಗ ತಾನೇ ಪರಿಶೀಲಿಸಬಹುದಾದದ್ದು ‘ಅ’ ಮಾತ್ರ, 20ರಲ್ಲಿ 9, ಅಂದರೆ 45%. ಸರಿ ಎಂದು ಖಚಿತವಾದದ್ದು ‘ಅ’ ಮತ್ತು ‘ಆ’ ಸೇರಿ 14, ಅಂದರೆ 70%. ಇವೆರಡನ್ನು ಕಲಸಬೇಡಿ. ನಮ್ಮ ಊರಿನವರು ಗೊತ್ತಿದ್ದೇ ಬರೆದ ಲೇಖನಗಳಲ್ಲಿ ಎರಡನೆಯದು ಚೆನ್ನಾಗಿರುತ್ತದೆ, ಮೊದಲನೆಯದು ನೆಲ ಕಚ್ಚಿರುತ್ತದೆ. ಅನುವಾದದ ಲೇಖನಗಳಲ್ಲಿ ಕೆಲವೊಮ್ಮೆ ಉಲ್ಟಾ.

70% ಅನ್ನೋದನ್ನೂ ಕಲ್ಲಿನ ಮೇಲೆ ಕೆತ್ತಬೇಡಿ. ಚೀಟಿ ಎತ್ತಿದ್ದು 20 ಮಾತ್ರ. ವಿಲ್ಸನ್ ಎಂಬ ಹೆಸರಿನ ಸೂತ್ರ ಹಾಕಿದರೆ (ಆನ್‌ಲೈನ್ ಕ್ಯಾಲ್ಕುಲೇಟರ್ ಸಿಗುತ್ತದೆ) ದೊಡ್ಡ ಲೇಖನವೊಂದರ ನಿಜವಾದ ಪ್ರಮಾಣ 48ರಿಂದ 85ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 100 ಹೇಳಿಕೆ ನೋಡಿ 70 ಸರಿ ಬಂದಿದ್ದರೆ ಆ ಅಂತರ 60ರಿಂದ 78ಕ್ಕೆ ಇಳಿಯುತ್ತದೆ. 20ಕ್ಕೆ 20 ಸರಿ ಬಂದರೂ ಹಿಗ್ಗಬೇಡಿ, ಲೇಖನದಲ್ಲಿ ಸುಮಾರು 15%ವರೆಗೆ ತಪ್ಪು ಅಡಗಿರಲು ಇನ್ನೂ ಜಾಗ ಇದೆ. 3ನ್ನು 20ರಿಂದ ಭಾಗಿಸಿದರೆ ಬರುವ ಲೆಕ್ಕ ಅದು.

ಎಲ್ಲ ತಪ್ಪಿಗೂ ಒಂದೇ ತೂಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕೋಟೆಯ ಎಕರೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಬದುಕಿರುವವರ ಮೇಲಿನ ಆರೋಪ, ಔಷಧಿ, ವಿಷ, ಕಾಯಿಲೆಯ ವಿಚಾರದಲ್ಲಿ ಒಂದೇ ಒಂದು ‘ಈ’ ಬಂದರೂ ಲೇಖನ ಫೇಲು, ಉಳಿದದ್ದು 95 ಇದ್ದರೂ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಕೆನಡಿ ಕೊಲೆಯ ಶಂಕಿತ ಎಂದು ಒಬ್ಬ ತಮಾಷೆಗೆ ಬರೆದದ್ದು ನಾಲ್ಕು ತಿಂಗಳು ಹಾಗೇ ಇತ್ತು.

ಸಾಧ್ಯವಾದರೆ ಇಬ್ಬರು ಸೇರಿ ಮಾಡಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ. ಕೊನೆಗೆ ತಾಳೆ ಹಾಕಿದಾಗ ಅಕ್ಷರ ಬೇರೆಯಾದ ಹೇಳಿಕೆಗಳನ್ನು ಮಾತ್ರ ಚರ್ಚಿಸಿ. ಜಗಳ ಹೆಚ್ಚಾಗಿ ‘ಅ’, ‘ಈ’ ನಡುವೆಯೇ ಬರುತ್ತದೆ: ಮೂಲದಲ್ಲಿ ‘ಸುಮಾರು’, ‘ಎನ್ನಲಾಗಿದೆ’ ಅಂತ ಇದ್ದು ಲೇಖನದಲ್ಲಿ ಅದು ಹೋಗಿರುತ್ತದೆ. ಇದಕ್ಕೆ ಏನು ಕೊಡಬೇಕು ಅಂತ ಶುರುವಿಗೇ ನಿಯಮ ಮಾಡಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಅಳೆದಾದ ಮೇಲೆ

ಹಾಳೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಲೇಖನದ ಚರ್ಚೆ ಪುಟದಲ್ಲಿ ಆವೃತ್ತಿಯ ಸಂಖ್ಯೆ, ದಿನಾಂಕ, ‘ಈ’ ಮತ್ತು ‘ಉ’ ಬಂದ ಹೇಳಿಕೆಗಳನ್ನು ಬರೆಯಿರಿ. ‘ಆ’ಗಳಿಗೆ ನಿಮ್ಮ ಹತ್ತಿರ ಮೂಲ ಹೇಗೂ ಇದೆ, ಎರಡು ನಿಮಿಷದಲ್ಲಿ ಲೇಖನಕ್ಕೆ ಸೇರಿಸಬಹುದು, 45% ಒಂದೇ ಸಂಜೆಗೆ 70%ಕ್ಕೆ ಏರುತ್ತದೆ. ‘ಈ’ಗಳನ್ನು ತಿದ್ದುವಾಗ ಸಾರಾಂಶದ ಜಾಗದಲ್ಲಿ ಕಾರಣ ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಹಿಂದಕ್ಕೆ ತಿರುಗಿಸುತ್ತಾರೆ. ‘ಉ’ಗಳನ್ನು ಕೂಡಲೇ ಅಳಿಸದೆ ಆಧಾರ ಬೇಕು ಎಂಬ ಗುರುತು ಹಾಕಿ ಒಂದೆರಡು ತಿಂಗಳು ಕಾಯಿರಿ; ಆಧಾರವಿಲ್ಲದ ಒಳ್ಳೇ ಮಾತುಗಳು ನಮ್ಮ ಕಡೆಯ ಲೇಖನಗಳಲ್ಲಿ ಬೇಕಾದಷ್ಟಿವೆ, ಅದು ಯಾರ ಮನೆಯ ಅಟ್ಟದ ಮೇಲಿನ ಯಾವ ಸ್ಮರಣ ಸಂಚಿಕೆಯಲ್ಲಿದೆಯೋ ಗೊತ್ತಿಲ್ಲ. ಮತ್ತೆ ಅಳೆಯುವಾಗ ಹೊಸ ಚೀಟಿ ಎತ್ತಿ. ಹಳೇ 20ನ್ನೇ ನೋಡಿದರೆ ನೀವು ತಿದ್ದಿದ್ದಕ್ಕೆ ನೀವೇ ಮಾರ್ಕು ಕೊಟ್ಟ ಹಾಗಾಗುತ್ತದೆ.